ಮನೆಯೊಳಗೆ ಗಿಡ ಬೆಳೆಸುವುದು ಹೇಗೆ?

ಈ ಸಲದ ಜಾತ್ರೆಗೆ ಗಿಡ ಮಾರುವವರ ಗಾಡಿ ಬಂದಿತ್ತಲ್ಲ, ನಮ್ಮೂರಿನ ಎಷ್ಟೋ ಮನೆಯವರು ಅದರಿಂದ ಗಿಡ ತಗೊಂಡರು. ಗಾಡಿಯವರು ಎಲ್ಲರಿಗೂ ಹೇಳಿದ್ದು ಒಂದೇ ಮಾತು. "ಮನೆ ಒಳಗೂ ಇಡಬಹುದು, ದಿನಾ ನೀರು ಹಾಕಿ." ಎರಡು ತಿಂಗಳಲ್ಲಿ ಅರ್ಧಕ್ಕರ್ಧ ಗಿಡ ಗೊಬ್ಬರದ ಗುಂಡಿ ಸೇರಿದವು. ಗುಲಾಬಿ ಒಣಗಿತು, ಕ್ರೋಟನ್ ಎಲೆ ಉದುರಿಸಿಕೊಂಡು ಕೋಲಾಯಿತು. "ನಮ್ಮ ಕೈಗುಣ ಸರಿಯಿಲ್ಲ" ಅಂತ ದೊಡ್ಡವರು ಹೇಳ್ತಾರೆ. ಕೈಗುಣದ ಮಾತಲ್ಲ ಅದು. ಎಲ್ಲಾ ಗಿಡವೂ ಒಳಗೆ ಬದುಕುವುದಿಲ್ಲ. ಒಳಗೆ ಬದುಕುವ ಗಿಡಕ್ಕೆ ದಿನಾ ನೀರು ಹಾಕಿದರೆ ಅದೂ ಸಾಯುತ್ತದೆ.

ಮೊದಲು ಬೆಳಕಿನ ವಿಷಯ. ಗಿಡ ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತದೆ, ಬೆಳಕೇ ಅದರ ಒಲೆ. ದ್ಯುತಿಸಂಶ್ಲೇಷಣೆ ಅಂತ ನಾವು ಪರೀಕ್ಷೆಯಲ್ಲಿ ಬರೆದೂ ಇದ್ದೇವೆ. ಆದರೆ ಗಿಡ ಇಡುವಾಗ ಅದು ಯಾರಿಗೂ ನೆನಪಾಗಲ್ಲ, ಟಿ.ವಿ. ಪಕ್ಕ ಚೆಂದ ಕಾಣುತ್ತೆ ಅಂತ ಅಲ್ಲಿ ಇಡ್ತೀವಿ. ನಮ್ಮ ಕಣ್ಣು ನಮಗೆ ಮೋಸ ಮಾಡುತ್ತದೆ. ಕತ್ತಲಲ್ಲಿ ಕಣ್ಣಿನ ಪಾಪೆ ದೊಡ್ಡದಾಗುವುದರಿಂದ ಕೋಣೆಯಲ್ಲಿ ಸಾಕಷ್ಟು ಬೆಳಕಿದೆ ಅನ್ನಿಸುತ್ತದೆ. ಲೆಕ್ಕ ನೋಡಿದರೆ ನಡು ಮಧ್ಯಾಹ್ನದ ಬಿಸಿಲಿನ ಬೆಳಕು ಸುಮಾರು 1 ಲಕ್ಷ ಲಕ್ಸ್ ಇರುತ್ತದೆ (ಲಕ್ಸ್ ಅಂದರೆ ಬೆಳಕು ಅಳೆಯುವ ಮಾನ). ಮನೆಯೊಳಗೆ ಕಿಟಕಿಯಿಂದ ದೂರ ಹೋದರೆ ಬರೀ ಕೆಲವು ನೂರು.

ಇದನ್ನು ಅಳೆಯಲು ಯಂತ್ರ ಏನೂ ಬೇಡ. ಮಧ್ಯಾಹ್ನ 12 ಗಂಟೆ ಹೊತ್ತಿಗೆ ಗಿಡ ಇಡಬೇಕು ಅಂದುಕೊಂಡ ಜಾಗದಲ್ಲಿ ಒಂದು ಬಿಳಿ ಹಾಳೆ ಇಡಿ. ಅದರ ಮೇಲೆ ಒಂದು ಅಡಿ ಎತ್ತರದಲ್ಲಿ ಕೈ ಹಿಡಿಯಿರಿ. ಐದು ಬೆರಳೂ ಎಣಿಸುವ ಹಾಗೆ ನೆರಳು ಬಿದ್ದರೆ ಬೆಳಕು ಚೆನ್ನಾಗಿದೆ. ನೆರಳು ಮಸುಕಾಗಿ ಬರೀ ಕೈ ಅಂತ ಗೊತ್ತಾದರೆ ನಡುತರದ ಬೆಳಕು. ನೆರಳೇ ಇಲ್ಲದಿದ್ದರೆ ಅಲ್ಲಿ ಪ್ಲಾಸ್ಟಿಕ್ ಹೂವೇ ಗತಿ. ನಾನು ನಮ್ಮನೆಯಲ್ಲಿ ಮೂಲೆ ಮೂಲೆಗೂ ಹಾಳೆ ಹಿಡಿದುಕೊಂಡು ಹೋದೆ. ದೇವರ ಕೋಣೆಯಲ್ಲಿ ನೆರಳಿಲ್ಲ. ನಡುಮನೆಯಲ್ಲೂ ಇಲ್ಲ, ಆದರೆ ಮಾಡಿನಲ್ಲಿ ಗಾಜಿನ ಹಂಚು ಇರುವ ಕಡೆ ಅದರ ಕೆಳಗೆ ಬೆರಳು ಎಣಿಸುವಷ್ಟು ನೆರಳು! ಹಂಚಿನ ಮನೆಯವರು ಅದರ ಕೆಳಗೆ ಗಿಡ ಇಡಬಹುದು. ಮಳೆಗಾಲಕ್ಕೆ ಮುಂಚೆ ಆ ಗಾಜಿನ ಮೇಲಿನ ಪಾಚಿ ತೊಳೆಸಿದರೆ ಇನ್ನೂ ಒಳ್ಳೆಯದು.

ತುಳಸಿ, ಗುಲಾಬಿ, ದಾಸವಾಳ ಇವೆಲ್ಲ ಬಿಸಿಲಿನ ಗಿಡಗಳು. ಇವನ್ನು ಒಳಗಿಟ್ಟರೆ ಬೆಳಕು ಹುಡುಕುತ್ತಾ ದಂಟು ಉದ್ದುದ್ದ ಬೆಳೆದು, ಬಿಳಚಿಕೊಂಡು, ಬಾಗಿ ಬೀಳುತ್ತವೆ. ಕ್ರೋಟನ್‌ಗೂ ಬೆಳಕು ಜಾಸ್ತಿಯೇ ಬೇಕು. ಲೋಳೆಸರ, ದೊಡ್ಡಪತ್ರೆ ಕಿಟಕಿಯಲ್ಲಾದರೆ ಸರಿ, ಮೂಲೆಯಲ್ಲಿ ಬೇಡ. ಹಾಗಾದರೆ ಒಳಗೆ ಬದುಕುವ ಗಿಡ ಯಾವುದು? ದೊಡ್ಡ ಮರಗಳ ಕೆಳಗೆ ನೆರಳಲ್ಲಿ ಬೆಳೆದು ಅಭ್ಯಾಸ ಇರುವಂಥದು. ಮನಿ ಪ್ಲಾಂಟ್ ಅಂಥದು. ಅದರ ಮೂಲ ಪೆಸಿಫಿಕ್ ಸಾಗರದಲ್ಲಿರುವ ಮೊರಿಯಾ ಎಂಬ ಚಿಕ್ಕ ದ್ವೀಪ. ನಾವು ನೋಡುವುದು ಅಂಗೈ ಅಗಲದ ಎಲೆ, ಆದರೆ ಮರಕ್ಕೆ ಹಬ್ಬಿಸಿದರೆ ಅದೇ ಬಳ್ಳಿಯ ಎಲೆ ಮೊರದಷ್ಟು ದೊಡ್ಡದಾಗುತ್ತದೆ. ಇನ್ನೊಂದು ಸ್ನೇಕ್ ಪ್ಲಾಂಟ್, ಪಶ್ಚಿಮ ಆಫ್ರಿಕಾದ್ದು. ಎಲೆ ಕತ್ತಿಯ ಹಾಗೆ ನೆಟ್ಟಗೆ, ಹಾವಿನ ಮೈಮೇಲಿನ ಪಟ್ಟೆ. ನೀರನ್ನು ದಪ್ಪ ಎಲೆಯಲ್ಲೇ ಕೂಡಿಟ್ಟುಕೊಳ್ಳುವುದರಿಂದ ಎರಡು ಮೂರು ವಾರ ಮರೆತರೂ ತೊಂದರೆ ಇಲ್ಲ. ಹೊಸದಾಗಿ ಶುರು ಮಾಡುವವರಿಗೆ ಈ ಎರಡೇ ಸಾಕು ಅಂತ ನನ್ನ ಅಭಿಪ್ರಾಯ. ಮನಿ ಪ್ಲಾಂಟ್ ಕದ್ದು ತಂದರೆ ಮಾತ್ರ ದುಡ್ಡು ಬರುತ್ತೆ ಅಂತಾರೆ. ಆಫೀಸು ರೂಮಿನ ಬಳ್ಳಿಯ ತುದಿ ಆಗಾಗ ಕಾಣೆಯಾಗುವುದು ಇದೇ ಕಾರಣಕ್ಕಿರಬೇಕು. ಕದ್ದವರು ಇನ್ನೂ ನಮ್ಮ ಜೊತೆಯಲ್ಲೇ ಬಿಸಿಯೂಟಕ್ಕೆ ಸಾಲಲ್ಲಿ ನಿಲ್ಲುತ್ತಿದ್ದಾರೆ, ಸಾಹುಕಾರರಾದ ಸುದ್ದಿ ಇಲ್ಲ.

ಈಗ ನೀರು. ಒಳಗಿನ ಗಿಡಗಳು ಬಾಯಾರಿ ಸಾಯುವುದಕ್ಕಿಂತ ನೀರು ಹೆಚ್ಚಾಗಿ ಸಾಯುವುದೇ ಜಾಸ್ತಿ. ಯಾಕೆ? ಬೇರು ಕೂಡ ಉಸಿರಾಡುತ್ತದೆ. ಮಣ್ಣಿನ ಕಣಗಳ ನಡುವೆ ಗಾಳಿ ಇರುತ್ತದೆ. ದಿನಾ ನೀರು ಹಾಕಿದರೆ ಆ ಜಾಗವೆಲ್ಲ ನೀರು ತುಂಬಿ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಶುಂಠಿ ಹಾಕಿದವರ ಮನೆಯ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಪಟ್ಟೆಯಲ್ಲಿ ನೀರು ನಿಂತರೆ ಏನಾಗುತ್ತೆ ಅಂತ ಅವರು ನೋಡಿದ್ದಾರೆ. ಬಯಲಿನಲ್ಲಿ ಬಿಸಿಲು, ಗಾಳಿ ನೀರನ್ನು ಆರಿಸುತ್ತವೆ. ಮನೆಯೊಳಗೆ ಆರಿಸುವವರು ಯಾರು?

ಒಂದು ವಿಚಿತ್ರ ಇದೆ. ಬೇರು ಕೊಳೆತ ಗಿಡವೂ ಬಾಡಿದ ಹಾಗೇ ಕಾಣುತ್ತದೆ. ಕೊಳೆತ ಬೇರಿಗೆ ನೀರು ಎಳೆಯುವ ಶಕ್ತಿ ಇರುವುದಿಲ್ಲ, ಹಾಗಾಗಿ ಎಲೆ ಜೋತು ಬೀಳುತ್ತದೆ. ನಾವು ಪಾಪ ಬಾಯಾರಿಕೆ ಅಂತ ಇನ್ನೊಂದು ಚೊಂಬು ಹಾಕ್ತೀವಿ, ಅಲ್ಲಿಗೆ ಅದರ ಕತೆ ಮುಗೀತು. ಅದಕ್ಕೇ ಎಲೆ ನೋಡಿ ನೀರು ಹಾಕಬೇಡಿ, ಮಣ್ಣು ಮುಟ್ಟಿ ನೋಡಿ ಹಾಕಿ. ತೋರುಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿನೊಳಗೆ ತೂರಿಸಿ. ತಂಪು ಹತ್ತಿದರೆ ಬೇಡ, ಒಣಗಿದ್ದರೆ ಮಾತ್ರ ಕೆಳಗಿನ ತೂತಿನಿಂದ ಹೊರಬರುವಷ್ಟು ಹಾಕಿ. ನಮ್ಮನೆಯ ಮನಿ ಪ್ಲಾಂಟ್ ಬೇಸಿಗೆಯಲ್ಲಿ ನಾಲ್ಕು ದಿನಕ್ಕೊಮ್ಮೆ ನೀರು ಕೇಳುತ್ತದೆ. ಆಷಾಢದ ಜಡಿಮಳೆಯಲ್ಲಿ ಹನ್ನೆರಡು ದಿನ ಕಳೆದರೂ ಮಣ್ಣು ಒಣಗಿರುವುದಿಲ್ಲ. ಸ್ನೇಕ್ ಪ್ಲಾಂಟ್‌ಗೆ ಮಣ್ಣು ಪೂರ್ತಿ ಒಣಗಿದ ಮೇಲೆಯೇ ನೀರು.

ತೂತಿಲ್ಲದ ಡಬ್ಬದಲ್ಲಿ ಗಿಡ ನೆಡಬೇಡಿ. ಹಳೆ ಎಣ್ಣೆ ಡಬ್ಬವಾದರೂ ಸರಿ, ತಳದಲ್ಲಿ ಮೂರು ನಾಲ್ಕು ತೂತು ಬೇಕು. ಕಾಸಿದ ಮೊಳೆಯಿಂದ ದೊಡ್ಡವರ ಹತ್ರ ಮಾಡಿಸಿಕೊಳ್ಳಿ. ಗದ್ದೆಯ ಜಿಗುಟು ಮಣ್ಣು ಬೇಡ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಒಲೆಯ ಹೊಗೆ ಬರುವ ಮನೆಯಾದರೆ ಎಲೆ ಮೇಲೆ ಮಸಿ ಕೂರುತ್ತದೆ, ಒದ್ದೆ ಬಟ್ಟೆಯಿಂದ ಒರೆಸುತ್ತಿರಬೇಕು.

ಇನ್ನು ಎರಡು ವಿಷಯ ಹೇಳಲೇಬೇಕು, ಇವು ಗಿಡದ ಪ್ರಾಣದ್ದಲ್ಲ, ನಮ್ಮದು.

ಮನಿ ಪ್ಲಾಂಟನ್ನು ಬರೀ ನೀರಿನ ಬಾಟ್ಲಿಯಲ್ಲೂ ಬೆಳೆಸುತ್ತಾರೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕೊಳಚೆ ಬೇಕಿಲ್ಲ, ಇಂಥ ತಿಳಿನೀರೇ ಇಷ್ಟ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು 8ರಿಂದ 10 ದಿನ. ಆದ್ದರಿಂದ ವಾರಕ್ಕೊಮ್ಮೆ ನೀರು ಬದಲಾಯಿಸಿದರೆ ಹುಳು ಸೊಳ್ಳೆಯಾಗುವ ಮೊದಲೇ ಹೊರಗೆ ಹೋಗುತ್ತದೆ. ಚೆಲ್ಲಿದರೆ ಸಾಲದು, ಮೊಟ್ಟೆ ನೀರಿನ ಮಟ್ಟದ ಮೇಲೆ ಬಾಟ್ಲಿಯ ಗೋಡೆಗೆ ಅಂಟಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತದೆ. ಕೈ ಹಾಕಿ ಉಜ್ಜಿ ತೊಳೆಯಬೇಕು. ಕುಂಡದ ಕೆಳಗಿನ ತಟ್ಟೆಯನ್ನೂ ಹಾಗೆಯೇ. ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ನಮ್ಮ ರಾಜ್ಯದಲ್ಲಿ ಸಾಂಕ್ರಾಮಿಕ ರೋಗ ಅಂತ ಘೋಷಿಸಿತ್ತು. ಆಶಾ ಅಕ್ಕನವರು ಮನೆಗೆ ಬಂದಾಗ ಬ್ಯಾಟರಿ ಬಿಟ್ಟು ಬಾಟ್ಲಿ ನೋಡುವುದು ಸುಮ್ಮನೆ ಅಲ್ಲ.

ಎರಡನೆಯದು ವಿಷ. ಕೆಸುವಿನ ಎಲೆ ಸರಿಯಾಗಿ ಬೇಯದಿದ್ದರೆ ಗಂಟಲು ಕೆರೆಯುತ್ತದಲ್ಲ? ಅದಕ್ಕೇ ಪತ್ರೊಡೆಗೆ ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸುತ್ತಾರೆ. ಮನಿ ಪ್ಲಾಂಟ್ ಕೂಡ ಕೆಸುವಿನ ಕುಟುಂಬದ್ದೇ. ಎಲೆಯೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ. ಅದೇ ಕುಟುಂಬದ ಇನ್ನೊಂದು ಗಿಡ ಡೀಫನ್‌ಬೇಕಿಯ. ದಪ್ಪ ದಂಟು, ಅಗಲ ಎಲೆ, ಮೇಲೆ ಸುಣ್ಣ ಎರಚಿದ ಹಾಗೆ ಬಿಳಿ ಚುಕ್ಕೆ. ಇದನ್ನು ಅಗಿದರೆ ನಾಲಿಗೆ ಊದಿಕೊಂಡು ಸ್ವಲ್ಪ ಹೊತ್ತು ಮಾತೇ ನಿಲ್ಲಬಹುದು. ಅದಕ್ಕೇ ಇಂಗ್ಲಿಷಿನಲ್ಲಿ ಮೂಗನ ಕೋಲು ಅನ್ನುವ ಅರ್ಥದಲ್ಲಿ ಡಂಬ್ ಕೇನ್ ಅನ್ನುತ್ತಾರೆ. ಅಂಬೆಗಾಲಿಡುವ ತಮ್ಮ ತಂಗಿ ಇರುವ ಮನೆಗೆ ಇದು ಬೇಡವೇ ಬೇಡ. ಮನಿ ಪ್ಲಾಂಟನ್ನು ಕೈಗೆ ಸಿಗದಷ್ಟು ಎತ್ತರಕ್ಕೆ ತೂಗುಹಾಕಿ, ಸ್ನೇಕ್ ಪ್ಲಾಂಟ್ ಕೂಡ ಬಾಯಿಗೆ ಹೋಗಬಾರದು. ಮಗು ಅಗಿದರೆ ತಕ್ಷಣ ಬಾಯಿ ತೊಳೆಸಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಒಳಗಿನ ಗಿಡ ಗಾಳಿ ಶುದ್ಧ ಮಾಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ. 1989ರಲ್ಲಿ ಅಮೆರಿಕದ ನಾಸಾದವರು ಗಾಳಿಯಾಡದ ಪೆಟ್ಟಿಗೆಯೊಳಗೆ ಗಿಡ ಇಟ್ಟು ಪ್ರಯೋಗ ಮಾಡಿದ್ದರು, ಮಾತು ಅಲ್ಲಿಂದ ಹಬ್ಬಿತು. ಆದರೆ ನಮ್ಮ ಮನೆ ಪೆಟ್ಟಿಗೆಯಲ್ಲವಲ್ಲ. ಇಂಥ ಪ್ರಯೋಗಗಳ ಲೆಕ್ಕವನ್ನೆಲ್ಲ ಸೇರಿಸಿ 2019ರಲ್ಲಿ ನೋಡಿದಾಗ, ಕಿಟಕಿಯಿಂದ ಬರುವ ಗಾಳಿಯಷ್ಟೇ ಕೆಲಸ ಗಿಡದಿಂದ ಆಗಬೇಕಾದರೆ ಒಂದು ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡ ಬೇಕು ಅಂತ ತಿಳಿಯಿತು. ಅಷ್ಟು ಗಿಡ ಇಟ್ಟರೆ ನಾವು ಅಂಗಳದಲ್ಲಿ ಮಲಗಬೇಕು! ಗಾಳಿಗೆ ಕಿಟಕಿ ತೆಗೆಯಿರಿ, ಗಿಡವನ್ನು ನೋಡುವ ಖುಷಿಗೆ ಇಟ್ಟುಕೊಳ್ಳಿ.

ನಮ್ಮ ತರಗತಿಯಲ್ಲೂ ಗಿಡ ಇಡೋಣ ಅಂದಾಗ "ರಜೆಯಲ್ಲಿ ನೀರು ಯಾರು ಹಾಕ್ತಾರೆ?" ಅಂತ ಹೆಡ್ ಮೇಷ್ಟ್ರು ಕೇಳಿದರು. ದಸರಾ ರಜೆಯನ್ನು ಸ್ನೇಕ್ ಪ್ಲಾಂಟ್ ತಾನೇ ಕಳೆಯುತ್ತದೆ, ರಜೆಯ ಹಿಂದಿನ ದಿನ ಒಮ್ಮೆ ನೀರು ಹಾಕಿದರೆ ಸಾಕು. ಬೇಸಿಗೆ ರಜೆಗೆ ಒಬ್ಬೊಬ್ಬರು ಒಂದೊಂದು ಕುಂಡ ಮನೆಗೆ ಒಯ್ಯಬಹುದು. ಪೂರ್ವದ ಕಿಟಕಿಯ ಹತ್ತಿರ ಹಾಳೆ ಇಟ್ಟು ನೋಡಿದ್ದೇನೆ, ನಡುತರದ ನೆರಳು ಬಂತು. ಕಪ್ಪುಹಲಗೆ ಪಕ್ಕ ಬರಲಿಲ್ಲ.

ನಮ್ಮನೆ ಬಳ್ಳಿ ಈಗ ಉದ್ದವಾಗಿದೆ. ಬೇಕಾದವರು ಸೋಮವಾರ ಒಂದು ಖಾಲಿ ಬಾಟ್ಲಿ ತನ್ನಿ. ಬರೀ ಎಲೆ ಕಿತ್ತರೆ ಹೊಸ ಬಳ್ಳಿ ಬರುವುದಿಲ್ಲ, ಗೆಣ್ಣು ಇರಬೇಕು, ಹಾಗೆ ನೋಡಿ ಕತ್ತರಿಸಿ ತರುತ್ತೇನೆ. ಗೆಣ್ಣು ನೀರಿನೊಳಗಿರಲಿ, ಎಲೆ ಮೇಲಿರಲಿ. ಎರಡು ಮೂರು ವಾರಕ್ಕೆ ಬಿಳಿ ಬೇರು ಬರುತ್ತದೆ.