ತಾರೀಖು ಹೋಗಿ ಸಂಖ್ಯೆ ಬಂತೇ?

ಎಕ್ಸೆಲ್‌ನಲ್ಲಿ 1947ರ ಆಗಸ್ಟ್ 15 ಎಂದು ತುಂಬಿದ್ದ ಸೆಲ್ ಈಗ 17394 ಎಂದು ತೋರಿಸುತ್ತಿದೆ. ಇದೆಂಥ ಸಂಖ್ಯೆ?

ಅದು ನಿಮ್ಮ ತಾರೀಖೇ, ಹಾಳಾಗಿಲ್ಲ. ಸೆಲ್‌ನ ಫಾರ್ಮ್ಯಾಟನ್ನು ಮತ್ತೆ ‘ಡೇಟ್’ಗೆ ಬದಲಿಸಿದರೆ ಮೊದಲಿನಂತೆ ಕಾಣುತ್ತದೆ.

ಎಕ್ಸೆಲ್ ಒಳಗೆ ತಾರೀಖನ್ನು ಇಟ್ಟುಕೊಳ್ಳುವುದೇ ಸಂಖ್ಯೆಯಾಗಿ. 1900ರ ಜನವರಿ 1ನ್ನು 1 ಎಂದು ಹಿಡಿದು ದಿನಕ್ಕೊಂದರಂತೆ ಎಣಿಸುತ್ತ ಹೋಗುತ್ತದೆ, ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳ ಹಾಗೆ. ಎರಡು ಕಲ್ಲುಗಳ ಸಂಖ್ಯೆ ಗೊತ್ತಿದ್ದರೆ ನಡುವಿನ ದೂರ ಬರೀ ಕಳೆಯುವ ಲೆಕ್ಕ. 1950ರ ಜನವರಿ 26ರ ಸಂಖ್ಯೆ 18289. ಅದರಲ್ಲಿ 17394 ಕಳೆಯಿರಿ: 895. ಸ್ವಾತಂತ್ರ್ಯ ಬಂದ ದಿನದಿಂದ ಗಣರಾಜ್ಯವಾದ ದಿನಕ್ಕೆ ಅಷ್ಟು ದಿನ. ಯಾವ ತಿಂಗಳಿಗೆ 30, ಯಾವುದಕ್ಕೆ 31 ಎಂಬ ತಲೆನೋವು ತಾರೀಖನ್ನು ಸಂಖ್ಯೆ ಮಾಡುವಾಗಲೇ ತೀರಿರುತ್ತದೆ. ಗಂಟೆಗಳು ದಶಮಾಂಶದಲ್ಲಿ ಕೂರುತ್ತವೆ: ಬೆಳಿಗ್ಗೆ 6 ಅಂದರೆ 0.25, ಮಧ್ಯಾಹ್ನ 12 ಅಂದರೆ 0.5.

ಒಂದು ಎಚ್ಚರಿಕೆ. 1900 ಅಧಿಕ ವರ್ಷವಲ್ಲ. ಆದರೂ ಎಕ್ಸೆಲ್ ಅದಕ್ಕೊಂದು ಫೆಬ್ರವರಿ 29 ಕೊಟ್ಟಿದೆ. ಹಳೆಯ ಲೋಟಸ್ 1-2-3 ತಂತ್ರಾಂಶದ ಲೆಕ್ಕಕ್ಕೆ ಹೊಂದಲಿ ಎಂದು ಬೇಕೆಂದೇ ಉಳಿಸಿಕೊಂಡದ್ದು. ಹಾಗಾಗಿ ಆ ವರ್ಷದ ಮಾರ್ಚ್‌ಗೆ ಹಿಂದಿನ ತಾರೀಖಿನಿಂದ ನಂತರದ ತಾರೀಖಿಗೆ ದಿನ ಎಣಿಸಿದರೆ ಒಂದು ಹೆಚ್ಚು ಬರುತ್ತದೆ.

ನಿಜವಾದ ತೊಡಕು ತಿಂಗಳುಗಳದ್ದು. ದಿನಕ್ಕೆ ಅಳತೆ ಇದೆ, ತಿಂಗಳಿಗೆ ಇಲ್ಲ. 2023ರ ಜನವರಿ 31ಕ್ಕೆ ಒಂದು ತಿಂಗಳು ಕೂಡಿಸಿದರೆ ಎಕ್ಸೆಲ್‌ನ ‘ಇಡೇಟ್’ ಸೂತ್ರ ಫೆಬ್ರವರಿ 28 ಎನ್ನುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ತಿಂಗಳ ಸಂಖ್ಯೆಯನ್ನಷ್ಟೇ ಒಂದು ಏರಿಸಿದರೆ ಅದು ಮಾರ್ಚ್ 3ಕ್ಕೆ ಹೋಗಿ ನಿಲ್ಲುತ್ತದೆ. ಕಂತಿನ ಗಡುವು ಲೆಕ್ಕ ಹಾಕುವವರು ಯಾವುದು ಬೇಕೆಂದು ಮೊದಲೇ ತೀರ್ಮಾನಿಸಬೇಕು.