ಮೂರು ಸೂಜಿ, ಒಂದೇ ಉಕ್ಕು

ಮೊನ್ನೆ ರಾತ್ರಿ ಅಡುಗೆಮನೆಯಲ್ಲಿ ಮೂರು ಹೊಲಿಗೆ ಸೂಜಿ ಹಾಳುಮಾಡಿ ಬೈಸಿಕೊಂಡೆ. ಆದರೆ ಏನು ಕಂಡೆ, ಕೇಳಿ!

ಮೊದಲನೆಯದನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಉರಿಗೆ ಒಡ್ಡಿದೆ. ಕೆಂಡದಂತಾಯಿತು. ಇಷ್ಟಿಷ್ಟೇ ಮೇಲೆತ್ತುತ್ತ ನಿಧಾನ ಆರಿಸಿದೆ. ಬಗ್ಗಿಸಿದರೆ ತಂತಿಯ ಹಾಗೆ ಬಾಗಿ ಅಲ್ಲೇ ಉಳಿಯಿತು. ಎರಡನೆಯದನ್ನು ಅಷ್ಟೇ ಕೆಂಪಗೆ ಕಾಯಿಸಿ ಲೋಟದ ನೀರಿಗೆ ಬಿಟ್ಟೆ. ಚುಯ್! ಬಗ್ಗಿಸಹೋದರೆ ಟಪ್ಪೆಂದು ಎರಡು ತುಂಡು, ಹಪ್ಪಳದ ಹಾಗೆ.

ಒಂದೇ ಪೊಟ್ಟಣದ ಸೂಜಿಗಳು! ಏನನ್ನೂ ಬೆರೆಸಿಲ್ಲ, ಏನನ್ನೂ ತೆಗೆದಿಲ್ಲ. ಬೇರೆಯಾಗಿದ್ದು ಆರಲು ಹಿಡಿದ ಹೊತ್ತು, ಅಷ್ಟೇ.

ಸೂಜಿಯ ಉಕ್ಕೆಂದರೆ ಕಬ್ಬಿಣ, ಜೊತೆಗೆ ನೂರರಲ್ಲಿ ಸುಮಾರು ಒಂದು ಪಾಲು ಇಂಗಾಲ. ತಣ್ಣಗಿರುವ ಕಬ್ಬಿಣದ ಪರಮಾಣುಗಳ ನಡುವೆ ಇಂಗಾಲಕ್ಕೆ ಜಾಗವೇ ಇಲ್ಲವೆನ್ನಬೇಕು. 727 ಡಿಗ್ರಿ ಸೆಲ್ಸಿಯಸ್ ದಾಟಿತೋ, ಲೋಹ ಕರಗದೆ ಗಟ್ಟಿಯಾಗಿದ್ದುಕೊಂಡೇ ಪರಮಾಣುಗಳು ಸಾಲು ಬದಲಿಸುತ್ತವೆ. ಇಂಗಾಲ ಒಳಹೊಕ್ಕು ಕೂರುತ್ತದೆ. ಇದು ಆಸ್ಟೆನೈಟ್. ನಿಧಾನ ಆರಿದರೆ ಇಂಗಾಲ ಹೊರಬಂದು, ಮೆದು ಕಬ್ಬಿಣದ ಪದರವೊಂದು, ಗಡಸು ಕಾರ್ಬೈಡಿನ ಪದರವೊಂದು, ಥೇಟ್ ಚಿರೋಟಿ! 1860ರ ದಶಕದಲ್ಲಿ ಶೆಫೀಲ್ಡಿನ ಹೆನ್ರಿ ಕ್ಲಿಫ್ಟನ್ ಸಾರ್ಬಿ ಉಕ್ಕನ್ನು ನುಣ್ಣಗೆ ಉಜ್ಜಿ, ಆಮ್ಲ ತಾಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡತೊಡಗಿದ. ಅವನಿಗೆ ಕಂಡ ಮುತ್ತಿನ ಹೊಳಪಿನಿಂದಲೇ ಈ ಚಿರೋಟಿಗೆ ಪರ್ಲೈಟ್ ಎಂಬ ಹೆಸರು.

ನೀರಿಗೆ ಬಿದ್ದರೆ? ಇಂಗಾಲಕ್ಕೆ ಹೊರಬರಲು ಪುರುಸೊತ್ತೇ ಇಲ್ಲ! ಕಬ್ಬಿಣ ಹಳೆಯ ಸಾಲಿಗೆ ನುಗ್ಗುತ್ತದೆ, ಇಂಗಾಲ ನಡುವೆ ಸಿಕ್ಕಿಬೀಳುತ್ತದೆ, ಚೌಕಟ್ಟೇ ಸೊಟ್ಟಗಾಗಿ ಬಿಗಿದುಕೊಳ್ಳುತ್ತದೆ. ಅದೂ ಹೆಚ್ಚುಕಡಿಮೆ ಶಬ್ದ ಉಕ್ಕಿನಲ್ಲಿ ಓಡುವ ವೇಗದಲ್ಲಿ! ಜರ್ಮನಿಯ ಅಡಾಲ್ಫ್ ಮಾರ್ಟೆನ್ಸ್ ಹೆಸರು ಹೊತ್ತ ಮಾರ್ಟೆನ್‌ಸೈಟ್ ಇದು. ಗಾಜು ಗೀರುವಷ್ಟು ಗಡಸು, ಸ್ವಲ್ಪವೂ ಬಾಗದಷ್ಟು ಮುಂಗೋಪಿ.

ಮೂರನೆಯ ಸೂಜಿಯನ್ನೂ ಕೆಂಪಗೆ ಕಾಯಿಸಿ ನೀರಿಗೆ ಬಿಟ್ಟೆ. ತೆಗೆದು ಉಪ್ಪುಕಾಗದದಲ್ಲಿ ಬೆಳ್ಳಗೆ ಉಜ್ಜಿ, ಕಾದ ಕಾವಲಿಯ ಮೇಲಿಟ್ಟೆ. ಒಣಹುಲ್ಲಿನ ಹಳದಿ ಬಂತು, ಕಂದಾಯಿತು, ನೇರಳೆ, ಆಮೇಲೆ ನವಿಲುಗೊರಳಿನ ನೀಲಿ! ಸುಮಾರು 300 ಡಿಗ್ರಿ. (ಬಣ್ಣ ಮೇಲಿನ ಆಕ್ಸೈಡ್ ಪೊರೆಯದು, ಒಳಗೆ ಇಂಗಾಲ ತುಸುತುಸುವೇ ಹೊರಬಂದು ಬಿಗಿ ಸಡಿಲಿಸುತ್ತಿರುತ್ತದೆ.) ಬಗ್ಗಿಸಿದೆ, ಬಾಗಿತು. ಬಿಟ್ಟೆ, ಛಂಗನೆ ನೆಟ್ಟಗಾಯಿತು!

ನಮ್ಮೂರ ಕುಲುಮೆ ನೆನಪಾಯಿತು. ಕುಡುಗೋಲಿನ ಬಾಯಿಗೆ ಹದ ಹಾಕುವಾಗ ಕಮ್ಮಾರಜ್ಜ ಕಣ್ಣು ಮಿಟುಕಿಸದೆ ನೋಡುತ್ತಿದ್ದುದು ಈ ಬಣ್ಣಗಳನ್ನೇ. ಅದಕ್ಕೂ ಮೊದಲು ಕೆಂಪಗೆ ಕಾಯಿಸುವಾಗ ಹಟ್ಟಹಗಲಲ್ಲೂ ಒಳಗೆ ಕತ್ತಲೆ, ನಾವು ಬಾಗಿಲು ಸರಿಸಿದರೆ "ಮುಚ್ರೋ!" ಎಂದು ಗದರುತ್ತಿದ್ದ. ಸಿಡುಕ ಅಂದುಕೊಂಡಿದ್ದೆವು. ಬೆಳಕು ಬಿಟ್ಟುಕೊಂಡರೆ ಅವನಿಗೆ ಕಬ್ಬಿಣದ ಕೆಂಪು ಹೇಗೆ ಕಂಡೀತು!