ಬಾಡಿಗೆಯಿಲ್ಲದ ದೂರದರ್ಶನ

ಮನೆಯ ಲೆಕ್ಕದ ಪುಸ್ತಕದಲ್ಲಿ ಹಾಲು, ದಿನಸಿಗಳ ಕೆಳಗೆ ಸದ್ದಿಲ್ಲದೆ ಕುಳಿತಿರುವ ಬಾಬೊಂದುಂಟು. ಅದು ಕೇಬಲ್ಲಿನ ಹಣ. ತಿಂಗಳಿಗೆ 300 ರೂಪಾಯಿ ತೆರುವ ಗೃಹಸ್ಥನು ವರ್ಷಕ್ಕೆ 3,600 ರೂಪಾಯಿಗಳನ್ನೂ ಐದು ವರ್ಷಕ್ಕೆ 18,000 ರೂಪಾಯಿಗಳನ್ನೂ ಕೊಟ್ಟಿರುತ್ತಾನೆ. ಮಕ್ಕಳ ಶಾಲೆಯ ಪುಸ್ತಕಗಳಿಗೆ ಕೈಸಾಲ ಮಾಡುವ ಸಂಸಾರಕ್ಕೆ ಇದು ಅಲ್ಪವಲ್ಲ.

ಪ್ರಸಾರ ಭಾರತಿಯವರು 2004ರ ಡಿಸೆಂಬರಿನಲ್ಲಿ ಆರಂಭಿಸಿದ, ಈಗ ಡಿಡಿ ಫ್ರೀ ಡಿಶ್ ಎಂದು ಕರೆಯಲ್ಪಡುವ ಏರ್ಪಾಡಿಗೆ ಮಾಸಿಕ ಶುಲ್ಕವೇ ಇಲ್ಲ. ತಟ್ಟೆಯೊಂದನ್ನೂ ಪೆಟ್ಟಿಗೆಯೊಂದನ್ನೂ ಒಮ್ಮೆ ಕೊಂಡರೆ ತೀರಿತು. ಉಪಗ್ರಹವು ಭೂಮಧ್ಯರೇಖೆಯ ಮೇಲೆ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ ನಿಂತಿರುವುದರಿಂದ, ನಮ್ಮ ನಾಡಿನಲ್ಲಿ ತಟ್ಟೆಯು ಆಗ್ನೇಯಕ್ಕೆ ಮುಖಮಾಡಿ ಸಾಕಷ್ಟು ಮೇಲಕ್ಕೆ ನೋಡುತ್ತಿರಬೇಕು. ಆ ದಿಕ್ಕಿನಲ್ಲಿ ತೆಂಗಿನ ಗರಿ ಅಡ್ಡ ಬಂದರೆ ಚಿತ್ರ ಒಡೆಯುವುದು. ಜೋರುಮಳೆಯಲ್ಲಿಯೂ ಹಾಗೆಯೇ.

ಪೆಟ್ಟಿಗೆಯನ್ನು ಕೊಳ್ಳುವಾಗ, ಯುಎಸ್‌ಬಿ ಕಿಂಡಿಯ ಮೂಲಕ ಮುದ್ರಿಸಿಕೊಳ್ಳುವ ಸೌಕರ್ಯವುಂಟೇ ಎಂದು ವಿಚಾರಿಸತಕ್ಕದ್ದು. ಇದ್ದಲ್ಲಿ, ಹೆಬ್ಬೆರಳಿನಷ್ಟಿರುವ ಪೆನ್‌ಡ್ರೈವಿನಲ್ಲಿ ಚಂದನದ ಕಾರ್ಯಕ್ರಮವನ್ನು ತುಂಬಿಟ್ಟು, ಅಡಿಗೆಮನೆಯ ಕೆಲಸ ತೀರಿದ ಮೇಲೆ ನಿಧಾನವಾಗಿ ನೋಡಬಹುದು. ಒಂದನ್ನು ಮುದ್ರಿಸುತ್ತ ಬೇರೊಂದನ್ನು ನೋಡುವುದು ಮಾತ್ರ ಇಂಥ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಸಾಧ್ಯವಾಗದು.

ಒಂದು ತೊಡಕನ್ನು ಮುಚ್ಚಿಡಲಾಗದು. ಹಣ ತೆತ್ತು ನೋಡುವ ವಾಹಿನಿಗಳ ಕನ್ನಡ ಧಾರಾವಾಹಿಗಳು ಇಲ್ಲಿ ದೊರೆಯವು. ಇಲ್ಲಿರುವ ಖಾಸಗಿ ವಾಹಿನಿಗಳಲ್ಲಿ ಹಿಂದಿಯವೇ ಹೆಚ್ಚು. ಸಂಜೆಯ ಧಾರಾವಾಹಿಗಾಗಿಯೇ ಹಗಲೆಲ್ಲ ಕಾಯುವ ಹಿರಿಯರು ಮನೆಯಲ್ಲಿದ್ದರೆ, ಯಜಮಾನನು ಅವರನ್ನು ಕೇಳದೆ ತಂತಿಯನ್ನು ಕಡಿಸುವುದು ನ್ಯಾಯವಲ್ಲ. ಮೊದಲು ಒಂದು ತಿಂಗಳು ಎರಡನ್ನೂ ಇಟ್ಟುಕೊಂಡು, ಯಾರು ಯಾವುದನ್ನು ನೋಡುವರೆಂಬುದನ್ನು ಗುರುತುಹಾಕಿಕೊಂಡು, ಆಮೇಲೆ ಕೇಬಲ್ಲಿನವನಿಗೆ ಹೇಳಿಕಳುಹಿಸಬಹುದು.